ಹೊಳೆಮರಳಿನ ಪಂಚನಾಮೆ

ಗೇಟಿನ ಬೋರ್ಡು ಓದಿದ ಕೂಡಲೇ ನನಗೆ ಪಿತ್ತ ನೆತ್ತಿಗೇರಿತು. ನಮ್ಮ ಊರಿನ ಹಿಂದಿನ ಹೊಳೆಮರಳಿಗೆ ಯಾರೋ ಪುಣ್ಯಾತ್ಮರು ‘ಸಂರಕ್ಷಿತ ಬೀಚ್’ ಎಂದು ಹೆಸರಿಟ್ಟಿದ್ದರು. ಸಮುದ್ರ ಇಲ್ಲಿಂದ ಎಷ್ಟು ದೂರವೋ ದೇವರೇ ಬಲ್ಲ. ಇಲ್ಲಿರುವುದು ಕೃಷ್ಣೆ, ತೆಲಂಗಾಣದ ಗಡಿಯ ಮಕ್ತಲಿನಿಂದ ಆಟೋದಲ್ಲಿ ಮುಕ್ಕಾಲು ತಾಸಿನ ದಾರಿ. ಹೆಸರು ತೆಲುಗಿನಲ್ಲಿ ಒಮ್ಮೆ, ಇಂಗ್ಲಿಷಿನಲ್ಲಿ ಒಮ್ಮೆ. ಸುತ್ತಲಿನ ಊರುಗಳಲ್ಲಿ ಒಲೆಯ ಮುಂದೆ ಆಡುವ ಮಾತು ಕನ್ನಡ, ಅದಕ್ಕೆ ಬೋರ್ಡಿನಲ್ಲಿ ಜಾಗ ಸಾಲಲಿಲ್ಲವೆಂದು ಕಾಣುತ್ತದೆ. ಕೆಳಗೆ ಮಾಡಬಾರದ ಕೆಲಸಗಳ ಪಟ್ಟಿ: ಮರಳು ಅಗೆಯಬಾರದು, ಬೆಂಕಿ ಹಚ್ಚಬಾರದು, ಹಾಳುಗುಡಿಯ ಕಲ್ಲುಗಳ ಮೇಲೆ ಹೆಸರು ಕೊರೆಯಬಾರದು, ಮೊಟ್ಟೆ ಇಡುವ ಹಕ್ಕಿಗಳನ್ನು ಬೆದರಿಸಬಾರದು.

“ಏನ್ ಬರದಾರವ್ವಾ?” ಎಂದಳು ದೊಡ್ಡವ್ವ. ಓದಿ ಹೇಳಿದೆ.

“ಹಕ್ಕಿ ಬೆದರಸಬ್ಯಾಡ ಅಂತ ನನಗ ಹೇಳ್ತಾರಾ? ನನಗ?” ಎಂದು ಅವಳು ಬೋರ್ಡಿನ ಕಂಬವನ್ನೇ ದುರುಗುಟ್ಟಿ ನೋಡಿದಳು. “ಇವರ ಬಾಯಾಗ ಮಣ್ಣ್ ಹಾಕ.”

ದೊಡ್ಡವ್ವ ನನ್ನ ತಾಯಿಯ ಅಕ್ಕ. ನನ್ನನ್ನು ಸಾಕಿದವಳು, ಶಾಲೆಗೆ ಹಾಕಿದವಳು, ಮುಂದೆ ರಾಯಚೂರಿಗೆ ಕಳಿಸಿ ಟೀಚರ್ ಮಾಡಿದವಳು ಅವಳೇ. ಊರಿನಲ್ಲಿ ಅವಳಿಗಿದ್ದ ಎರಡು ಎಕರೆ ಒಣಭೂಮಿಯಲ್ಲಿ ಜೋಳ ಬಿಟ್ಟು ಬೇರೇನೂ ಬೆಳೆಯುತ್ತಿರಲಿಲ್ಲ. ನನ್ನ ಪುಸ್ತಕ, ನನ್ನ ಹಾಸ್ಟೆಲ್ಲು, ನನ್ನ ಮೊದಲ ಜೊತೆ ಚಪ್ಪಲಿ ಎಲ್ಲವೂ ಬಂದದ್ದು ಈ ಗೇಟಿನ ಆಚೆಗಿದ್ದ ಮರಳಿನಿಂದ. ಹಾಗಾಗಿ ಆ ಬೋರ್ಡನ್ನು ಅವಳಿಗೆ ಓದಿ ಹೇಳುವಾಗ ನನ್ನ ನಾಲಿಗೆ ತಡವರಿಸಿತು. ತಡವರಿಸಲು ಬೇರೆ ಕಾರಣವೂ ಇತ್ತು, ಅದನ್ನು ಹೇಳುತ್ತೇನೆ.

ಮಳೆಗಾಲ ಮುಗಿದು ಹೊಳೆ ಇಳಿದ ಮೇಲೆ ಹಾಳುಗುಡಿಯ ಕೆಳಗೆ ಮರಳು ಬಯಲಾಗುತ್ತದೆ. ಒಂದು ವರ್ಷ ಇದ್ದ ಕಡೆ ಇನ್ನೊಂದು ವರ್ಷ ಇರುವುದಿಲ್ಲ. ಹೊಳೆ ಈ ಸಲ ಗುಡಿಯ ಮೆಟ್ಟಿಲಿಗೆ ತಂದು ಸುರಿದರೆ ಬರುವ ಸಲ ಅರ್ಧ ಮೈಲಿ ಕೆಳಗೆ ಒಯ್ದು ಹಾಕುತ್ತದೆ. ಆದ್ದರಿಂದ ಅಲ್ಲಿ ಸರ್ವೆ ನಂಬರಿಲ್ಲ, ಬದುವಿಲ್ಲ, ಪಟ್ಟಾ ಇಲ್ಲ. ನಮ್ಮ ಊರಿನ ಹದಿನಾರು ಮನೆಯ ಹೆಂಗಸರು ಒಂದು ಸೋಮವಾರ ಹಗ್ಗ ಹಿಡಿದುಕೊಂಡು ಬರುತ್ತಿದ್ದರು. ಮರಳನ್ನು ಹಗ್ಗದಿಂದ ಅಳೆದು ಹದಿನಾರು ಪಾಲು ಮಾಡುವುದು. ಪ್ರತಿ ಮನೆಗೂ ತನ್ನದೇ ಗುರುತು: ಒಬ್ಬರದು ಬಳೆಚೂರು, ಒಬ್ಬರದು ಹುಣಸೆಬೀಜ, ಒಬ್ಬರದು ಗುಲಗಂಜಿ, ನಮ್ಮದು ಒಡೆದ ಕವಡೆ. ಎಲ್ಲವನ್ನೂ ಒಂದು ಬಟ್ಟೆಯಲ್ಲಿ ಹಾಕಿ, ಎಲ್ಲರಿಗಿಂತ ಹಿರಿಯಳು ಕಣ್ಣುಮುಚ್ಚಿ ಒಂದೊಂದಾಗಿ ಎತ್ತುತ್ತಾ ಹೋಗುತ್ತಿದ್ದಳು. ಯಾವ ಗುರುತು ಯಾವ ಪಾಲಿಗೆ ಬಂತೋ ಆ ವರ್ಷ ಆ ಮನೆಯ ತೋಟ ಅಲ್ಲಿ. ಎಂದೂ ಜಗಳವಾದದ್ದು ನನಗೆ ನೆನಪಿಲ್ಲ. ಮುಗಿದ ಮೇಲೆ ಹೊಳೆಯ ತಾಯಿ ಗಂಗವ್ವನಿಗೆ ಅರಿಶಿನ ಕುಂಕುಮ ಹಚ್ಚಿ, ಹಸಿರು ಕುಪ್ಪಸದ ಕಣದಲ್ಲಿ ಉಡಿ ತುಂಬಿ ನೀರಿಗೆ ಬಿಡುವುದು.

ಆಮೇಲೆ ಕೆಲಸ. ಕೈಗೆ ತಂಪು ಹತ್ತುವವರೆಗೆ ಮರಳಿನಲ್ಲಿ ಗುಣಿ ತೋಡಬೇಕು. ಅದರೊಳಗೆ ಕುರಿಹಿಕ್ಕೆಯ ಗೊಬ್ಬರ, ಒಂದು ಬುಟ್ಟಿ ಹೊಳೆಯ ಮೆಕ್ಕಲು. ಬೀಜವನ್ನು ಒದ್ದೆ ಬಟ್ಟೆಯಲ್ಲಿ ಕಟ್ಟಿ ಒಲೆಯ ಬದಿಗಿಟ್ಟು ಮೊಳಕೆ ಬರಿಸಿರುತ್ತಾರೆ, ಅದನ್ನು ಊರಬೇಕು. ಗಾಳಿಗೆ ಮರಳು ಹಾರಿ ಸಸಿ ಮುಚ್ಚದ ಹಾಗೆ ಆಪಿನ ಹುಲ್ಲಿನ ತಡಿಕೆ ಕಟ್ಟಬೇಕು. ಸಣ್ಣ ಸಸಿಗೆ ದಿನಾ ಕೊಡದಲ್ಲಿ ನೀರು. ಬೇರು ತಂಪಿಗೆ ಇಳಿದ ಮೇಲೆ ಬಳ್ಳಿ ತನ್ನ ಪಾಡಿಗೆ ತಾನು ಹಬ್ಬುತ್ತದೆ. ಕಲ್ಲಂಗಡಿ, ಕರಬೂಜ, ಸವತಿಕಾಯಿ. ಬೇಸಿಗೆ ಬರುವ ಹೊತ್ತಿಗೆ ಹಾಳುಗುಡಿಯ ಕಂಬಗಳ ನೆರಳಿನಲ್ಲಿ ಹಣ್ಣಿನ ರಾಶಿ ಬೀಳುತ್ತಿತ್ತು, ಕಿವಿ ಮುರಿದ ನಂದಿಯ ಬೆನ್ನಿಗೆ ಒರಗಿ ನಾವು ರೊಟ್ಟಿ ತಿನ್ನುತ್ತಿದ್ದೆವು.

ಹಕ್ಕಿಗಳು ಬರುವುದೂ ಅದೇ ಹೊತ್ತಿಗೆ. ಕಪ್ಪು ನೆತ್ತಿ, ಹಳದಿ ಕೊಕ್ಕು, ಕವಲು ಬಾಲ. ನಾವು ಸುಮ್ಮನೆ ಹೊಳೆಹಕ್ಕಿ ಅನ್ನುತ್ತಿದ್ದೆವು. ಅವಕ್ಕೆ ಗೂಡು ಕಟ್ಟುವ ಉಸಾಬರಿ ಇಲ್ಲ. ಬರೀ ಮರಳಿನ ಮೇಲೆ, ಮರಳಿನ ಬಣ್ಣದ್ದೇ ಎರಡು ಮೂರು ಮೊಟ್ಟೆ ಇಟ್ಟು ಮೇಲೆ ಕೂರುತ್ತವೆ. ಯಾರದಾದರೂ ಪಾಲಿನಲ್ಲಿ ಮೊಟ್ಟೆ ಕಂಡರೆ ಅದರ ಸುತ್ತ ನಾಲ್ಕು ಜಾಲಿಮುಳ್ಳಿನ ಕಡ್ಡಿ ಚುಚ್ಚಿ, ಮರಿ ಹಾರುವವರೆಗೂ ಆ ಕಡೆಯ ಹಣ್ಣು ಕೀಳುತ್ತಿರಲಿಲ್ಲ. ಹಣ್ಣು ಕೊಳೆತರೂ ಸರಿ. ನಾಯಿ ಬರದ ಹಾಗೆ ಹಗಲೆಲ್ಲ ಒಬ್ಬರಲ್ಲ ಒಬ್ಬರು ಕಾಯುತ್ತಿದ್ದರು. ಇದಕ್ಕೆ ಯಾರೂ ಬೋರ್ಡು ಹಾಕಿರಲಿಲ್ಲ.

ತೆಲಂಗಾಣ ಬಂದ ಹೊಸತರಲ್ಲಿ ಎಲ್ಲರಿಗೂ ಮರಳು ಬೇಕಾಯಿತು. ನಾರಾಯಣಪೇಟೆಯಲ್ಲಿ ಕಟ್ಟಡ, ಮಕ್ತಲಿನಲ್ಲಿ ಕಟ್ಟಡ, ಗದ್ವಾಲಿನಲ್ಲಿ ಕಟ್ಟಡ. ಟ್ರ್ಯಾಕ್ಟರುಗಳು ಸಾಲುಹಚ್ಚಿ ನಮ್ಮ ಹೊಳೆಗೆ ಇಳಿದವು. ಬಳ್ಳಿ ಇದ್ದರೆ ಬಳ್ಳಿಯ ಮೇಲೆ, ಮೊಟ್ಟೆ ಇದ್ದರೆ ಮೊಟ್ಟೆಯ ಮೇಲೆ. ಗುಡಿಯ ಬುಡದ ಮರಳನ್ನೂ ಬಿಡಲಿಲ್ಲ. ಒಂದು ದಿನ ಹೊಳೆಯ ಕಡೆಯ ಕಂಬ ವಾಲಿತು, ನಾಲ್ಕು ದಿನ ಬಿಟ್ಟು ಮಲಗಿತು. ಎಷ್ಟು ನೂರು ವರ್ಷ ನಿಂತಿದ್ದ ಕಂಬವೋ. ನನಗೆ ಆಗ ಬಂದ ಸಿಟ್ಟು ಈಗಲೂ ಹೊಟ್ಟೆಯಲ್ಲಿದೆ. ಮಕ್ತಲಿನ ಶಾಲೆಯಲ್ಲಿ ಪಾಠ ಮುಗಿಸಿ ಬಂದು ಕೂತು ಅರ್ಜಿ ಬರೆದೆ. ಕನ್ನಡದವಳಾದರೂ ನನ್ನ ತೆಲುಗು ಚೆಂದ, ಅದರ ಮೇಲೆ ನನಗೆ ಸಣ್ಣ ಜಂಬವೂ ಇತ್ತು. ಪುರಾತನ ಗುಡಿ, ಅಪರೂಪದ ಹಕ್ಕಿ, ಕಾಡು ತೀರ, ಇದನ್ನು ಉಳಿಸಿ. ಒಂದಲ್ಲ, ಹನ್ನೊಂದು ಅರ್ಜಿ.

ಹನ್ನೊಂದನೆಯದಕ್ಕೆ ಒಬ್ಬ ಅಧಿಕಾರಿ ಬಂದ. ಗುಡಿಯ ಕಟ್ಟೆಯ ಮೇಲೆ ಕೂತು ಪಂಚನಾಮೆ ಬರೆಸಬೇಕೆಂದ. ಊರವರೆಲ್ಲ ಸೇರಿದರು. ಹೆಂಗಸರ ಪರವಾಗಿ ಮಾತಾಡಲು ಮುಂದೆ ಬಂದವಳು ದೊಡ್ಡವ್ವ. ಆಗ ಅವಳೇ ಗುರುತು ಎತ್ತುವ ಹಿರಿಯಳು.

“ನೀವು ಬರಕೋಬ್ಯಾಡ್ರಿ ಸಾಹೇಬ್ರ, ನಮ್ಮ ಹುಡುಗಿ ಬರೀತಾಳ. ಕಲ್ತಾಳ್ರಿ ಅಕಿ. ನಾ ಹೇಳ್ತೀನಿ, ಅಕಿ ತೆಲುಗಿನ್ಯಾಗ ಹಾಕ್ತಾಳ,” ಎಂದಳು. ನನ್ನ ಬೆನ್ನಿನ ಮೇಲೆ ಕೈಯಿಟ್ಟು ನನ್ನನ್ನು ಮುಂದೆ ತಳ್ಳಿದಳು. ಮಗಳನ್ನು ಶಾಲೆಯ ಸ್ಟೇಜಿಗೆ ಹತ್ತಿಸುವ ಹಾಗೆ.

ಅಧಿಕಾರಿ ಕೇಳಿದ: ಈ ಮರಳು ಯಾರದು? ಊರಿನವರು ಯಾರೂ ‘ನಮ್ಮದು’ ಅನ್ನಲಿಲ್ಲ. ಅನ್ನುವುದು ಸಾಧ್ಯವೇ ಇರಲಿಲ್ಲ. ಹೊಳೆಗೆ ಕಿವಿ ಇದೆ, ಮರಳನ್ನು ನನ್ನದು ಅಂದವರ ಪಾಲನ್ನು ಅದೇ ಮಳೆಗಾಲದಲ್ಲಿ ಒಯ್ಯುತ್ತದೆ ಅಂತ ನಮ್ಮಲ್ಲಿ ಸಣ್ಣ ಮಕ್ಕಳಿಗೂ ಗೊತ್ತು. “ಉಸುಕು ನಮ್ದಲ್ರಿ, ಗಂಗವ್ವಂದು,” ಎಂದಳು ದೊಡ್ಡವ್ವ. ಅಷ್ಟಕ್ಕೆ ನಿಲ್ಲಿಸಲಿಲ್ಲ. ಹಗ್ಗ ಹೇಗೆ ಹಿಡಿಯುತ್ತೇವೆ, ಯಾವ ಮನೆಗೆ ಯಾವ ಗುರುತು, ಎಷ್ಟು ಗುಣಿ, ಎಷ್ಟು ಗೊಬ್ಬರ, ಹಕ್ಕಿಗೆ ಮುಳ್ಳು ಹೇಗೆ ಚುಚ್ಚುತ್ತೇವೆ, ತನ್ನ ಅತ್ತೆ ಎಲ್ಲಿ ತೋಟ ಹಾಕುತ್ತಿದ್ದಳು, ಅತ್ತೆಯ ಅತ್ತೆ ಎಲ್ಲಿ, ಎಲ್ಲ ಹೇಳಿದಳು. ಅರ್ಧ ತಾಸು ಮಾತಾಡಿದಳು. ಅಷ್ಟು ಚೆಂದ ಅವಳು ಮಾತಾಡಿದ್ದನ್ನು ನಾನು ಅದಕ್ಕೂ ಮೊದಲು ಕೇಳಿರಲಿಲ್ಲ.

ನಡುವೆ ಅಧಿಕಾರಿ ನನ್ನ ಕಡೆ ಬಗ್ಗಿ ತೆಲುಗಿನಲ್ಲಿ ಮೆಲ್ಲಗೆ ಹೇಳಿದ: ಇವರೆಲ್ಲ ಬೆಳೆ ಹಾಕುತ್ತಾರೆಂದು ಬರೆದರೆ ಈ ಫೈಲು ನನ್ನ ಮೇಜಿನಿಂದ ಇನ್ನೊಬ್ಬರ ಮೇಜಿಗೆ ಹೋಗುತ್ತದೆ. ಇನ್ನೊಂದು ವರ್ಷ. ಅಷ್ಟರಲ್ಲಿ ಟ್ರ್ಯಾಕ್ಟರಿನವರು ಏನು ಉಳಿಸುತ್ತಾರೆ ನೋಡಿಕೊಳ್ಳಿ.

ನಾನು ಮಲಗಿದ ಕಂಬದ ಕಡೆ ನೋಡಿದೆ. ಯೋಚಿಸಲು ಒಂದು ನಿಮಿಷವೂ ತೆಗೆದುಕೊಳ್ಳಲಿಲ್ಲ. ಬರೆದೆ: ‘ಈ ಮರಳಿನ ಮೇಲೆ ಯಾರಿಗೂ ಹಕ್ಕಾಗಲಿ ಅನುಭೋಗವಾಗಲಿ ಇಲ್ಲ, ಇದು ಗಂಗಮ್ಮನದೆಂದು ಗ್ರಾಮಸ್ಥರು ತಿಳಿಸಿರುತ್ತಾರೆ.’ ಅರ್ಧ ತಾಸಿನ ಮಾತಿಗೆ ಒಂದು ಸಾಲು.

“ಎಲ್ಲಾ ಬರದೇನವ್ವಾ?” ಎಂದು ಕೇಳಿದಳು ದೊಡ್ಡವ್ವ.

“ಎಲ್ಲಾ ಬರದೀನಿ,” ಎಂದೆ. ಅವಳು ಹೆಬ್ಬೆಟ್ಟು ಒತ್ತಿದಳು, ಹದಿನಾರು ಮನೆಯವರೂ ಒತ್ತಿದರು.

ಟ್ರ್ಯಾಕ್ಟರು ನಿಂತವು, ಅದನ್ನು ಒಪ್ಪಿಕೊಳ್ಳಬೇಕು. ಬೇಸಿಗೆಯಲ್ಲಿ ಗೇಟು ಬಂತು, ತಂತಿ ಬಂತು, ಕಾವಲುಗಾರ ಬಂದ. ಮಳೆಗಾಲ ಕಳೆದು, ಪಾಲು ಹಾಕುವ ಸೋಮವಾರ ಹಗ್ಗ ಹಿಡಿದು ಬಂದ ಹೆಂಗಸರನ್ನು ಗೇಟಿನಿಂದಲೇ ಅಟ್ಟಿದರು. ನಾನು ಇಲಾಖೆಯ ಮೇಲೆ ಹರಿಹಾಯ್ದೆ, ಎಲ್ಲರಿಗಿಂತ ಜೋರಾಗಿ, ಎಲ್ಲರೆದುರಿಗೆ. ಆ ಒಂದು ಸಾಲಿನ ಮಾತು ಮಾತ್ರ ಎತ್ತಲಿಲ್ಲ. ದೊಡ್ಡವ್ವನಿಗೆ ಆಗಲೂ ನನ್ನ ಮೇಲೆ ಅದೇ ನಂಬಿಕೆ. “ನಮ್ಮ ಹುಡುಗಿ ಎಲ್ಲಾ ಬರದಿತ್ತು, ಇವರು ಮುಚ್ಚಿಟ್ರು,” ಎಂದು ಊರೆಲ್ಲ ಹೇಳಿಕೊಂಡು ಬಂದಳು. ಅದನ್ನು ಕೇಳಿಸಿಕೊಂಡು ಊಟ ಮಾಡಿದವಳು ನಾನು.

ಅಂದಿನಿಂದ ಅವಳು ಮಕ್ತಲಿನ ಬಸ್‌ಸ್ಟ್ಯಾಂಡಿನಲ್ಲಿ ಕಲ್ಲಂಗಡಿ ಮಾರುತ್ತಾಳೆ. ಗದ್ವಾಲಿನ ಕಡೆಯಿಂದ ಬಂದದ್ದು, ಪ್ಲಾಸ್ಟಿಕ್ ಹಾಸಿ, ಪೈಪಿನಲ್ಲಿ ಹನಿಹನಿ ನೀರು ಕೊಟ್ಟು ಬೆಳೆದದ್ದು. ಒಂದೊಂದನ್ನೂ ಬೆರಳಿನಿಂದ ಬಾರಿಸಿ ನೋಡಿ, “ಇದೂ ಒಂದ್ ಹಣ್ಣಾ?” ಎಂದು ಬೈದು, ಆಮೇಲೆ ಗಿರಾಕಿಗೆ ಕೊಯ್ದು ಕೊಡುತ್ತಾಳೆ. ಶಾಲೆಗೆ ಹೋಗುವಾಗ ನಾನು ದಿನಾ ಅವಳ ಮುಂದಿನಿಂದಲೇ ಹೋಗಬೇಕು. ನನಗೆಂದು ನಡುವಿನ ತುಂಡು ಎತ್ತಿಟ್ಟಿರುತ್ತಾಳೆ. ಅದನ್ನು ಅಷ್ಟೂ ವರ್ಷ ತಿಂದೆ.

ನಾರಾಯಣಪೇಟೆ ಬೇರೆ ಜಿಲ್ಲೆಯಾಗಿ ಕೆಲವು ವರ್ಷವಾದ ಮೇಲೆ, ಊರಿನ ಪಂಚಾಯ್ತಿ ಗೋಡೆಗೆ ಒಂದು ಕಾಗದ ಅಂಟಿತು. ಸಂರಕ್ಷಿತ ತೀರದಲ್ಲಿ ಹಿಂದೆ ಬೇಸಾಯ ಮಾಡುತ್ತಿದ್ದವರಿದ್ದರೆ ಇಂಥ ದಿನ ಹಾಳುಗುಡಿಗೆ ಬಂದು ಅಧಿಕಾರಿಯ ಮುಂದೆ ಹೇಳಿಕೆ ಕೊಡಬಹುದು. ಅವರ ಹೆಸರು ದಾಖಲಾದರೆ ಷರತ್ತಿನ ಮೇಲೆ ಮತ್ತೆ ತೋಟ ಹಾಕಲು ಬಿಡಬಹುದು. ಆ ದಿನ ಬಿಟ್ಟರೆ ಮತ್ತೆ ಅವಕಾಶವಿಲ್ಲ. ಹದಿನಾರು ಮನೆಗಳಲ್ಲಿ ಅರ್ಧದಷ್ಟು ಜನ ದುಡಿಯಲು ಪುಣೆಗೋ ಮುಂಬೈಗೋ ಹೋಗಿದ್ದರು. ಉಳಿದವರು, ನೀವೇ ಹೇಳಿ ಬರ್ರಿ ಅಂದರು. ದೊಡ್ಡವ್ವ ಅಂಗಡಿ ಎತ್ತಿಟ್ಟು, ಹೊಸ ಇಳಕಲ್ ಸೀರೆ ಉಟ್ಟು, ಬೆಳಿಗ್ಗೆಯೇ ನನ್ನ ಮನೆ ಬಾಗಿಲಲ್ಲಿ ನಿಂತಿದ್ದಳು. “ನಡೀ, ಈ ಸಲ ಸೈತ ನೀನೇ ಬರೀಬೇಕು.”

ಹೀಗೆ ನಾವು ಆ ಬೋರ್ಡಿನ ಮುಂದೆ ಬಂದು ನಿಂತದ್ದು.

ಕಾವಲುಗಾರ ಟಿಕೆಟ್ ಕೇಳಿದ. ನಾಲ್ವತ್ತು ದಾಟಿದ ಗಂಡಸು, ಖಾಕಿ ಅಂಗಿ, ಕೊರಳಲ್ಲಿ ಪೀಪಿ. ಮುಖ ಎಲ್ಲೋ ನೋಡಿದ್ದೇನೆ ಎಂದುಕೊಳ್ಳುವಷ್ಟರಲ್ಲಿ ದೊಡ್ಡವ್ವ ಗುರುತು ಹಿಡಿದಳು. ಇದೇ ಮರಳನ್ನು ಟ್ರ್ಯಾಕ್ಟರಿನಲ್ಲಿ ತುಂಬಿಕೊಂಡು ಹೋಗುತ್ತಿದ್ದ ಡ್ರೈವರು.

“ಹೇಳಿಕಿ ಕೊಡಾಕ ಬಂದೀವಪ್ಪಾ, ನಮಗೆಂಥಾ ಟಿಕೀಟು?” ಎಂದಳು.

“ಟಿಕೀಟ್ ಇಲ್ದ ಬಿಡಾಕ ಬರಂಗಿಲ್ಲವ್ವಾ, ಆರ್ಡರ್ ಐತಿ.”

“ನಿನ್ನ ಟ್ರ್ಯಾಕ್ಟರು ಯಾವ್ ಟಿಕೀಟ್ ತಗೊಂಡ್ ಬರ್ತಿತ್ತು?”

ಅವನು ತಲೆ ಕೆರೆದುಕೊಂಡ. ಟಿಕೆಟ್ ಮಾತ್ರ ಹರಿದೇ ಹರಿದ. ಹುಟ್ಟಿದೂರಿನ ಹೊಳೆಗೆ ಇಳಿಯಲು ಚೀಟಿ ಕೊಂಡ ಆ ಗಳಿಗೆಯಲ್ಲಿ ಯಾರನ್ನಾದರೂ ಹೊಡೆಯಬೇಕು ಅನ್ನಿಸಿತು, ಯಾರನ್ನು ಎಂದು ಹೊಳೆಯಲಿಲ್ಲ.

ಒಳಗೆ ಮರಳು ಈ ವರ್ಷ ಗುಡಿಯ ಹತ್ತಿರಕ್ಕೇ ಬಂದಿತ್ತು. ಬೆಳ್ಳಗೆ, ಅಗಲವಾಗಿ, ಒಂದು ಗುಣಿಯೂ ಇಲ್ಲದೆ. ಜನ ಓಡಾಡುವ ದಾರಿಗೆ ಒಂದು ಕಡೆ ಹಗ್ಗ ಕಟ್ಟಿದ್ದರು, ಹಗ್ಗದ ಆಚೆ ಹಕ್ಕಿಗಳು ಕೂತಿದ್ದವು. ಹಿಂದೆ ಬರುತ್ತಿದ್ದುದರ ಕಾಲುಭಾಗವೂ ಇರಲಿಲ್ಲ. ಮರಳಿನ ತುಂಬ ನಾಯಿ ಹೆಜ್ಜೆ. ಕಾಯುವವರು ಗೇಟಿನ ಹೊರಗಿದ್ದಾರಲ್ಲ, ನಾಯಿಗೆ ಯಾವ ಟಿಕೆಟ್ಟು?

ಗುಡಿಯ ಹತ್ತಿರ ಮದುವೆಗೆ ಮೊದಲಿನ ಫೋಟೊ ತೆಗೆಸಿಕೊಳ್ಳುವ ಒಂದು ಜೋಡಿ ಬಂದಿತ್ತು. ಹುಡುಗಿಯ ಕೆಂಪು ಗೌನಿನ ಬಾಲ ಹಿಡಿದು ಬೀಸಲಿಕ್ಕೇ ಇಬ್ಬರು ಆಳು. ಹುಡುಗ ಬೂಟುಗಾಲಲ್ಲಿ ನಂದಿಯ ಬೆನ್ನ ಮೇಲೆ ನಿಂತಿದ್ದ. ಫೋಟೊದವನು ಡ್ರೋನ್ ಹಾರಿಸಿದ. ಅದು ಗುಂಯ್ ಎಂದು ಹಗ್ಗದ ಮೇಲಿನಿಂದ ದಾಟಿ ಹೋದದ್ದೇ ತಡ, ಕೂತಿದ್ದ ಹಕ್ಕಿಗಳೆಲ್ಲ ಕಿರುಚುತ್ತ ಎದ್ದವು. ಹೊತ್ತು ಏರಿತ್ತು, ಕಾಲಿಗೆ ಮರಳು ಸುಡುತ್ತಿತ್ತು. ಮೊಟ್ಟೆಗಳು ಬಿಸಿಲಿಗೆ ಬಿದ್ದಿದ್ದವು.

ನಾನು ಕೂಗಾಡಿದೆ. ತೆಲುಗಿನಲ್ಲಿ ಬೈದೆ, ಇಂಗ್ಲಿಷಿನಲ್ಲಿ ಬೈದೆ. ಬೋರ್ಡಿನ ಸಾಲುಗಳನ್ನು ಬಾಯಿಪಾಠ ಒಪ್ಪಿಸಿದೆ. “ಪರ್ಮಿಷನ್ ಉಂದಿ ಮೇಡಂ,” ಎಂದ ಫೋಟೊದವನು, ತಲೆ ಎತ್ತದೆ. ಅನುಮತಿ ಇದೆಯಂತೆ. ಹುಡುಗಿ ನನ್ನ ಕಡೆ ನೋಡಿ ನಕ್ಕಳು. ಆ ನಗುವಿಗೆ ಕೆಟ್ಟ ಉದ್ದೇಶವೇನೂ ಇರಲಿಲ್ಲ ಎಂದು ಈಗ ಅನ್ನಿಸುತ್ತದೆ, ಆಗ ಅನ್ನಿಸಲಿಲ್ಲ.

ದೊಡ್ಡವ್ವ ಯಾರ ಜೊತೆಗೂ ಮಾತಿಗೆ ನಿಲ್ಲಲಿಲ್ಲ. ಹಗ್ಗವನ್ನು ಎತ್ತಿ ಕೆಳಗಿನಿಂದ ಬಗ್ಗಿ ಹೋದಳು. ಹೆಜ್ಜೆ ನೋಡಿ ನೋಡಿ ಇಡುತ್ತ ಒಂದು ಕಡೆ ನಿಂತಳು, ಸೆರಗು ಬಿಚ್ಚಿ ಎರಡೂ ಕೈಯಲ್ಲಿ ಅಗಲ ಹಿಡಿದಳು. ಅವಳ ಕಾಲಬುಡದಲ್ಲಿ ಮೊಟ್ಟೆಗಳಿದ್ದವೆಂದು ದೂರದಿಂದ ನಮಗೆ ಕಾಣುತ್ತಿರಲಿಲ್ಲ, ಅವಳಿಗೆ ಕಂಡಿತ್ತು. ಬಿಸಿಲಿಗೆ ಬೆನ್ನು ಕೊಟ್ಟು ಹಾಗೇ ನಿಂತುಬಿಟ್ಟಳು.

ಆಗ ಪೀಪಿ ಕೂಗಿತು. ಡ್ರೋನಿಗಲ್ಲ. “ಏ ಮುದುಕಿ, ಹಗ್ಗ ದಾಟಬ್ಯಾಡ! ಹಕ್ಕಿ ಬೆದರ್ತಾವ!” ಎಂದು ಕಾವಲುಗಾರ ಗೇಟಿನ ಕಡೆಯಿಂದ ಓಡಿ ಬರುತ್ತಿದ್ದ.

ನಾನು ಅವನ ಅಂಗಿಗೆ ಕೈ ಹಾಕಿದೆ. ಟೀಚರ್ ಆಗಿ ಇಷ್ಟು ವರ್ಷದಲ್ಲಿ ಯಾರ ಮೇಲೂ ಕೈ ಮಾಡಿದವಳಲ್ಲ. “ಮುದುಕಿ ಅಂತೀಯಾ? ಇನ್ನೊಮ್ಮೆ ಅನ್ನು!” ಅವನು ಹೆದರಿ ಹಿಂದೆ ಸರಿದ. ಗಲಾಟೆ ಕೇಳಿ ಗುಡಿಯೊಳಗಿನಿಂದ ಅಧಿಕಾರಿಯೇ ಎದ್ದು ಬಂದ. ಡ್ರೋನ್ ಇಳಿಸಲು ಹೇಳಿದ, ಇಳಿಸಿದರು. ಹಕ್ಕಿಗಳು ಒಂದೊಂದಾಗಿ ಇಳಿದವು. ಕೊನೆಯದು ದೊಡ್ಡವ್ವನಿಂದ ಮಾರು ದೂರದಲ್ಲಿ ಕಾಯುತ್ತ ನಿಂತದ್ದನ್ನು ನೋಡಿ ಅವಳು ಹಿಂದೆ ಹಿಂದೆ ಹೆಜ್ಜೆಯಿಡುತ್ತ ಬಂದಳು. ಅವಳ ಮುಖ ಕೆಂಪಗಾಗಿತ್ತು, ಅಂಗಾಲು ಸುಟ್ಟಿತ್ತು.

ಅಧಿಕಾರಿ ಮೊದಲಿನವನಲ್ಲ, ಹೊಸಬ. ಒಳ್ಳೆಯ ಮನುಷ್ಯನ ಹಾಗೇ ಇದ್ದ. ದೊಡ್ಡವ್ವನಿಗೆ ಕುರ್ಚಿ ಹಾಕಿಸಿದ, ನೀರು ಕೊಡಿಸಿದ, “ಅಮ್ಮಾ” ಎಂದ. ಜಗಳಕ್ಕೆ ತಯಾರಾಗಿ ಬಂದವಳಿಗೆ ಇದಕ್ಕಿಂತ ತೊಂದರೆ ಇನ್ನೊಂದಿಲ್ಲ. ಪಕ್ಕದಲ್ಲಿ ಲ್ಯಾಪ್‌ಟಾಪ್ ಹಿಡಿದ ಗುಮಾಸ್ತ. ನಾನು ರಾತ್ರಿಯೆಲ್ಲ ಕೂತು ತೆಲುಗಿನಲ್ಲಿ ಬರೆದುಕೊಂಡು ಬಂದಿದ್ದ ನಾಲ್ಕು ಪುಟದ ಹೇಳಿಕೆಯನ್ನು ತೆಗೆದು ಗಟ್ಟಿಯಾಗಿ ಓದತೊಡಗಿದೆ. ಹಗ್ಗ, ಗುರುತು, ಗುಣಿ, ಮುಳ್ಳು, ಈ ಸಲ ಯಾವುದನ್ನೂ ಬಿಟ್ಟಿರಲಿಲ್ಲ. ಒಂದನ್ನು ಬಿಟ್ಟು.

ಅವನು ಪೂರ್ತಿ ಕೇಳಿದ. ಆಮೇಲೆ ಹಳೆಯ ಫೈಲು ತೆರೆದು, “ಬಹಳ ಚೆನ್ನಾಗಿ ಬರೆದಿದ್ದೀರಿ ಮೇಡಂ. ಆದರೆ ಇದಕ್ಕೇನು ಹೇಳುತ್ತೀರಿ?” ಎಂದು ತೆಲುಗಿನಲ್ಲೇ ಓದಿದ. ಯಾರಿಗೂ ಹಕ್ಕಾಗಲಿ ಅನುಭೋಗವಾಗಲಿ ಇಲ್ಲ. ಕೆಳಗೆ ಹದಿನಾರು ಹೆಬ್ಬೆಟ್ಟು. “ಇದನ್ನು ಬರೆದವರು ಯಾರು?”

ಇಲ್ಲಿಯವರೆಗೆ ಮರಳು ಮಾರಿದವರ ಮೇಲೆ, ಗೇಟು ಹಾಕಿದವರ ಮೇಲೆ, ನಂದಿಯನ್ನು ತುಳಿದವರ ಮೇಲೆ ನನಗೆ ಬಂದ ಸಿಟ್ಟನ್ನೆಲ್ಲ ಹೇಳಿದ್ದೇನೆ. ಅವೆಲ್ಲ ನಿಜವಾದ ಸಿಟ್ಟುಗಳೇ. ಆದರೆ ಆ ಅಕ್ಷರ ನನ್ನದು. ದುಂಡಗಿನ, ಓರೆಯಿಲ್ಲದ, ಎಲ್ಲರೂ ಹೊಗಳುವ ನನ್ನ ತೆಲುಗು ಅಕ್ಷರ. ಹದಿನಾರು ಮನೆಯವರನ್ನು ಗೇಟಿನಾಚೆ ಹಾಕಿದ್ದು ಇಲಾಖೆಯ ಯಾವ ದೊಡ್ಡವನೂ ಅಲ್ಲ. ಒಳ್ಳೆಯ ಕೆಲಸ ಮಾಡುತ್ತಿದ್ದೇನೆಂದು ಉಬ್ಬಿಹೋಗಿದ್ದ ಒಬ್ಬ ಟೀಚರಮ್ಮ.

“ನಾನೇ,” ಎಂದೆ. “ಅವರು ಎಲ್ಲವನ್ನೂ ಹೇಳಿದ್ದರು. ನಾನು ಬರೆಯಲಿಲ್ಲ. ಬೇಕೆಂದೇ ಬರೆಯಲಿಲ್ಲ.”

ದೊಡ್ಡವ್ವನ ಕಡೆ ತಿರುಗಿ ಕನ್ನಡದಲ್ಲಿ ಇನ್ನೇನು ಹೇಳಬೇಕು ಎನ್ನುವಷ್ಟರಲ್ಲಿ ಅವಳ ಮುಖ ನೋಡಿದೆ. ತಿಳಿಸಿ ಹೇಳುವ ಅಗತ್ಯವೇ ಇರಲಿಲ್ಲ. ದಿನಾ ಬಸ್‌ಸ್ಟ್ಯಾಂಡಿನಲ್ಲಿ ತೆಲುಗಿನಲ್ಲೇ ಚೌಕಾಸಿ ಮಾಡುವವಳು. ಹುಟ್ಟಿದಾಗಿನಿಂದ ಎರಡೂ ಭಾಷೆ ಆಡಿದವಳು. ಆ ದಿನ ಪಂಚನಾಮೆಗೆ ನಾನಿಲ್ಲದಿದ್ದರೂ ಅವಳೇ ಎಲ್ಲವನ್ನೂ ಹೇಳಬಲ್ಲವಳಾಗಿದ್ದಳು, ಅಧಿಕಾರಿ ತನ್ನ ಕೈಯಾರೆ ಬರೆದುಕೊಳ್ಳುತ್ತಿದ್ದ. ತಾನು ಓದಿಸಿದ ಹುಡುಗಿ ನಾಲ್ಕು ಜನರ ಮುಂದೆ ಕೂತು ಬರೆಯುವುದನ್ನು ನೋಡುವ ಆಸೆಗೆ ಅವಳು ಕನ್ನಡದಲ್ಲಿ ಮಾತಾಡಿದ್ದಳು.

“ಅರ್ಧ ತಾಸು ಮಾತಾಡಿದ್ನಲ್ಲ,” ಎಂದಳು. ಅಷ್ಟೇ. ಬೈದಿದ್ದರೆ ನಾನು ಬದುಕಿಕೊಳ್ಳುತ್ತಿದ್ದೆ.

ನಾನು ಮತ್ತೆ ನನ್ನ ನಾಲ್ಕು ಪುಟ ಎತ್ತಿಕೊಂಡೆ. ಅವಳು ನನ್ನ ಕೈಯಿಂದ ಆ ಕಾಗದ ತೆಗೆದು, ಮಡಿಚಿ, ತನ್ನ ತೊಡೆಯ ಕೆಳಗೆ ಇಟ್ಟುಕೊಂಡು ಕೂತಳು. ಕುರ್ಚಿಯನ್ನು ಅಧಿಕಾರಿಯ ಹತ್ತಿರಕ್ಕೆ ಎಳೆದುಕೊಂಡಳು. “ಸಾರ್, ನೇನೇ ಚೆಪ್ತಾ. ಮೀರು ರಾಸ್ಕೋಂಡ್ರಿ,” ಎಂದಳು. ನಾನೇ ಹೇಳುತ್ತೇನೆ, ನೀವು ಬರೆದುಕೊಳ್ಳಿ.

ಹೇಳಿದಳು. ಮಕ್ತಲಿನ ಸಂತೆಯ ತೆಲುಗಿನಲ್ಲಿ, ಒಂದು ಮಾತಿಗೂ ತಡೆಯದೆ. ನನ್ನ ನಾಲ್ಕು ಪುಟದಲ್ಲಿಲ್ಲದ ಎಷ್ಟೋ ಸಂಗತಿ ಅದರಲ್ಲಿದ್ದವು. ಯಾವ ವರ್ಷ ಹೊಳೆ ಮರಳನ್ನು ಎಲ್ಲಿ ಹಾಕಿತ್ತು, ಯಾವ ಮನೆಯಲ್ಲಿ ಗಂಡ ಸತ್ತಾಗ ಉಳಿದವರು ಆಕೆಯ ಗುಣಿಗೆ ನೀರು ಹಾಕಿದ್ದರು. ಅಧಿಕಾರಿ ನಡುವೆ ಕೇಳಿದ: ಹಾಗಾದರೆ ಈ ಮರಳು ನಿಮ್ಮದು ಎಂದು ಬರೆಯಲೇ ಅಮ್ಮಾ? ಹೌದು ಅಂದರೆ ಅವಳ ದೇವರು ಹೋಗುತ್ತದೆ, ಅಲ್ಲ ಅಂದರೆ ತೋಟ ಹೋಗುತ್ತದೆ.

“ಇಸಕ ಗಂಗಮ್ಮದಿ ಸಾರ್. ಪಂಟ ಮಾದಿ. ರೆಂಡೂ ರಾಯಂಡ್ರಿ,” ಎಂದಳು. ಮರಳು ಗಂಗಮ್ಮನದು, ಬೆಳೆ ನಮ್ಮದು, ಎರಡನ್ನೂ ಬರೆಯಿರಿ. ಇಷ್ಟು ಸರಳವಾದದ್ದನ್ನು ಬರೆಯಲು ನನ್ನ ಓದಿಗೆ ಆಗಿರಲಿಲ್ಲ.

ಗುಮಾಸ್ತ ಬರೆದು ಮುಗಿಸಿ ಅಂಗೈ ಅಗಲದ ಸಣ್ಣ ಯಂತ್ರವನ್ನು ಹೆಬ್ಬೆಟ್ಟಿಗೆ ಮುಂದಿಟ್ಟ. ಅವಳು ಕೈ ಚಾಚಲಿಲ್ಲ. “ಒಕ್ಕಸಾರಿ ಚದ್ವುಂಡ್ರಿ,” ಎಂದಳು. ಒಮ್ಮೆ ಓದಿ ಹೇಳಿ. ಅವನು ಪೂರ್ತಿ ಓದಿದ. ಎರಡನೆಯ ಸಲವೂ ಓದಿಸಿದಳು. ಒಂದು ಕಡೆ ಹಕ್ಕಿಯ ವಿಷಯ ಬಿಟ್ಟಿತ್ತು, ಸೇರಿಸಿದಳು. ಮೂರನೆಯ ಸಲ ಓದಿಸಿ ಆಮೇಲೆ ಒತ್ತಿದಳು. ಅಷ್ಟು ಹೊತ್ತೂ ನಾನು ಕಂಬದ ಪಕ್ಕ ನಿಂತೇ ಇದ್ದೆ. ನನಗೆ ಯಾರೂ ಕುರ್ಚಿ ಹಾಕಿರಲಿಲ್ಲ, ಹಾಕಬೇಕಾದ್ದೂ ಇರಲಿಲ್ಲ.

ಆ ಹೇಳಿಕೆ ಈಗಲೂ ನಾರಾಯಣಪೇಟೆಯ ಯಾವುದೋ ಮೇಜಿನ ಮೇಲಿದೆ. ನಾನು ವಾರಕ್ಕೊಮ್ಮೆ ಹೋಗಿ ಜಗಳ ಮಾಡಿ ಬರುತ್ತೇನೆ. ದೊಡ್ಡವ್ವ ತಾನೂ ಬೇರೆಯಾಗಿ ಹೋಗಿ ವಿಚಾರಿಸಿ ಬರುತ್ತಾಳಂತೆ, ಅಲ್ಲಿಯ ಜವಾನ ಹೇಳಿದ.

ಅಂದು ಗೇಟಿನಿಂದ ಹೊರಬಂದು ಊರಿನ ಬಸ್‌ಸ್ಟಾಪಿನವರೆಗೆ ಅವಳು ಮುಂದೆ ನಡೆದಳು, ನಾನು ಹಿಂದೆ. ಮಕ್ತಲಿನ ಬಸ್ಸು ಬಂತು. ನುಗ್ಗಿ ಹತ್ತಿ ಇಬ್ಬರ ಸೀಟು ಹಿಡಿದು ಕೂತು ಕೈ ಬೀಸಿ ಕರೆದೆ. ನಮ್ಮ ಮನೆಯಲ್ಲಿ ತೆಲುಗು ಹೊರಗಿನವರಿಗೆ. ಹುಟ್ಟಿದಾಗಿನಿಂದ ಒಂದು ದಿನವೂ ಅವಳು ನನ್ನ ಜೊತೆ ಆ ಭಾಷೆಯಲ್ಲಿ ಮಾತಾಡಿರಲಿಲ್ಲ, ಬೈಯುವಾಗಲೂ ಇಲ್ಲ. ಅವಳು ಜನರ ನಡುವೆ ದಾರಿ ಮಾಡಿಕೊಂಡು ಬಂದು, ಸೀಟಿನ ಕಂಬಿ ಹಿಡಿದು, ನನ್ನ ತಲೆಯ ಮೇಲಿಂದ ಕಿಟಕಿಯ ಆಚೆ ನೋಡುತ್ತ ಹೇಳಿದಳು:

“ಜರ ಜರಗಮ್ಮಾ, ಕೂಸುಂಟ.”

ಬಸ್ಸಿನಲ್ಲಿ ಗುರುತಿಲ್ಲದ ಹೆಂಗಸಿಗೆ, ಸ್ವಲ್ಪ ಸರಿಯಮ್ಮಾ, ಕೂಡುತ್ತೇನೆ ಎಂದು ಹೇಳುವ ಹಾಗೆ. ನಾನು ಕಿಟಕಿಯ ಕಡೆಗೆ ಸರಿದು ಕೂತೆ.